‘ಕ್ರ್ಯಾಂಕಿ’ ಎಂಬ ವಿಶೇಷಣದ ಮರೆಯಲ್ಲಿ

ನಿದ್ದೆಗೆಟ್ಟ ಹಸುಳೆಯನ್ನು ಎತ್ತಿಕೊಂಡ ತಾಯಿಯು ‘ಮಗು ಇವತ್ತು ತುಂಬ ಕ್ರ್ಯಾಂಕಿ’ ಎಂದರೆ ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಹಸುಳೆಗೆ ತನ್ನ ಅಸೌಖ್ಯವನ್ನು ಹೇಳಿಕೊಳ್ಳುವ ಭಾಷೆಯಿಲ್ಲ. ಅದರ ಪರವಾಗಿ ತಾಯಿಯು ಒಂದು ಶಬ್ದವನ್ನು ಎರವಲು ತಂದಿದ್ದಾಳೆ, ಅಷ್ಟೆ. ಆದರೆ ಈ ಶಬ್ದವು ತೊಟ್ಟಿಲಲ್ಲಿಯೇ ಉಳಿಯಲಿಲ್ಲ. ಅದು ತೊಟ್ಟಿಲಿನಿಂದ ಇಳಿದು ಯಜಮಾನರ ಆರಾಮಕುರ್ಚಿಯನ್ನು ಏರಿತು. ಅಲ್ಲಿಂದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿತು. ಈಗ ಬಸದಿಗಳ ಆಡಳಿತ ಮಂಡಳಿಯ ಸಭೆಗಳಲ್ಲಿಯೂ ಅದಕ್ಕೆ ಆಸನ ದೊರೆತಿದೆ. ಅರುವತ್ತು ದಾಟಿದ ಗೃಹಸ್ಥನೊಬ್ಬನು ಮನೆಮಂದಿಯ ಮೇಲೆ ರೇಗಿದರೆ ‘ಸ್ವಲ್ಪ ಕ್ರ್ಯಾಂಕಿ ಆಗಿದ್ದಾರೆ’ ಎನ್ನುತ್ತೇವೆ. ಕ್ರೋಧ ಎನ್ನುವುದಿಲ್ಲ. ಆ ಮಾತು ನಮಗೆ ಪ್ರವಚನಕ್ಕೆ ಮೀಸಲು.

ಈ ಲೇಖನವು ಆ ಶಬ್ದದ ವಿರುದ್ಧ ಹೂಡಿರುವ ವ್ಯಾಜ್ಯವೆಂದು ವಾಚಕರು ಭಾವಿಸಬಹುದು. ಭಾಷಾದುರಭಿಮಾನದಿಂದ ಹೂಡಿದ್ದಲ್ಲ. ನಾನು ವಾಣಿಜ್ಯಶಾಸ್ತ್ರವನ್ನು ಇಂಗ್ಲಿಷಿನಲ್ಲಿಯೇ ಓದಿದವನು. ಆ ಭಾಷೆಯ ಅನ್ನವನ್ನು ಉಂಡಿದ್ದೇನೆ. ನನ್ನ ಆಕ್ಷೇಪವಿರುವುದು ಆ ಶಬ್ದವನ್ನು ನಾವು ಯಾವ ಕೆಲಸಕ್ಕೆ ಹಚ್ಚಿದ್ದೇವೆ ಎಂಬುದರ ಮೇಲೆ.

ನಡೆದ ಸಂಗತಿಯೊಂದನ್ನು ಮೊದಲು ಹೇಳಿಬಿಡುತ್ತೇನೆ. ಊರು, ಹೆಸರುಗಳು ಬೇಡ. ಐದು ತಿಂಗಳ ಹಿಂದೆ ಬಸದಿಯೊಂದರ ಲೆಕ್ಕಪತ್ರದ ಸಭೆ ನಡೆದಿತ್ತು. ಅಭಿಷೇಕದ ಹಾಲಿನ ಬಾಬ್ತಿನಲ್ಲಿ 240 ರೂಪಾಯಿ ತಾಳೆಯಾಗಲಿಲ್ಲ. ಸಭೆಯ ಹಿರಿಯರೊಬ್ಬರು ಪೂಜೆಯ ಇಂದ್ರರನ್ನು ಕರೆಯಿಸಿ, ಅವರ ಹದಿಹರೆಯದ ಮಗನ ಎದುರಿನಲ್ಲಿಯೇ, ‘ನೀನು’ ಎಂದು ಏಕವಚನದಲ್ಲಿ ಸಂಬೋಧಿಸಿ, ಹತ್ತು ನಿಮಿಷ ಗದರಿಸಿದರು. ಇಂದ್ರರು ತಲೆ ತಗ್ಗಿಸಿ ನಿಂತಿದ್ದರು. ಬಿಲ್ಲು ಹಿಂದಿನ ತಿಂಗಳಿನ ಕಡತದಲ್ಲಿ ಸೇರಿಹೋಗಿತ್ತೆಂದೂ ತಪ್ಪು ಮಂಡಳಿಯ ಗುಮಾಸ್ತರದೆಂದೂ ಮರುದಿನ ತಿಳಿಯಿತು. ಸಭೆ ಮುಗಿದು ಹೊರಬರುವಾಗ ಒಬ್ಬ ಸದಸ್ಯನು ಇಂದ್ರರ ಬೆನ್ನು ತಟ್ಟಿ, ‘ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರು ಇವತ್ತು ಸ್ವಲ್ಪ ಕ್ರ್ಯಾಂಕಿ’ ಎಂದನು. ಆ ಸದಸ್ಯನು ನಾನೇ.

ಅಂದು ರಾತ್ರಿ ನಾನು ಸುಖವಾಗಿ ನಿದ್ರಿಸಿದೆ. ಆ ಶಬ್ದದ ಹುಟ್ಟನ್ನು ಹುಡುಕಬೇಕೆಂಬ ಬುದ್ಧಿ ಬಂದದ್ದು ಎಷ್ಟೋ ವಾರಗಳ ನಂತರ, ಆ ಇಂದ್ರರ ಮಗನು ತಂದೆಯ ವೃತ್ತಿಯನ್ನು ಮುಂದುವರಿಸಲು ಒಲ್ಲೆನೆಂದ ಸುದ್ದಿ ಕಿವಿಗೆ ಬಿದ್ದಾಗ.

‘ಕ್ರ್ಯಾಂಕಿ’ಯ ಮೂಲದಲ್ಲಿರುವುದು ‘ಕ್ರ್ಯಾಂಕ್’. ಇದರ ಪ್ರಾಚೀನ ಭಾವವು ಬಾಗುವುದು, ಮುದುಡುವುದು, ಸೊಟ್ಟಗಾಗುವುದು. ಸಾವಿರ ವರ್ಷಗಳ ಹಿಂದಿನ ಆಂಗ್ಲ ಭಾಷೆಯಲ್ಲಿ ಇದು ನೇಕಾರರ ಒಂದು ಉಪಕರಣದ ಹೆಸರಿನಲ್ಲಿ ಅಂಗವಾಗಿ ಮಾತ್ರ ಕಾಣಸಿಗುತ್ತದೆ. ಎಂಜಿನಿನ ‘ಕ್ರ್ಯಾಂಕ್ ಶಾಫ್ಟ್’ ಎಂಬ ಬಾಗಿದ ದಂಡವನ್ನು ಬಲ್ಲವರಿಗೆ, ಹಳೆಯ ಮೋಟಾರುಗಳ ಮೂತಿಗೆ ಹ್ಯಾಂಡಲು ಹಾಕಿ ತಿರುಗಿಸಿದ್ದನ್ನು ಕಂಡವರಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಬೇರಿನ ಇನ್ನೊಂದು ಕೊಂಬೆಯು ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಬೆಳೆಯಿತು. ಅಲ್ಲಿ ‘ಕ್ರಾಂಕ್’ ಎಂದರೆ ಮೊದಲು ದುರ್ಬಲ, ಅನಂತರ ರೋಗಿ. ಇಂದಿಗೂ ಜರ್ಮನಿಯಲ್ಲಿ ರೋಗಿಷ್ಠನಿಗೆ ಅದೇ ಶಬ್ದ. ಆಸ್ಪತ್ರೆಗೆ ಅಲ್ಲಿಯ ಹೆಸರು ‘ಕ್ರಾಂಕನ್‌ಹೌಸ್’, ಅರ್ಥಾತ್ ರೋಗಿಗಳ ಮನೆ.

ಈ ರೋಗಾರ್ಥವು ಇಂಗ್ಲೆಂಡಿಗೂ ದಾಟಿ ಬಂದಿತು. ಬಂದದ್ದು ಕಳ್ಳರ ಭಾಷೆಯ ಮೂಲಕ. ಹದಿನಾರನೆಯ ಶತಮಾನದ ಲಂಡನ್ನಿನ ಬೀದಿಗಳಲ್ಲಿ ಮೂರ್ಛೆರೋಗವನ್ನು ನಟಿಸಿ ಭಿಕ್ಷೆಯೆತ್ತುವ ಒಂದು ವರ್ಗವೇ ಇದ್ದಿತು. ಅವರಿಗೆ ‘ಕೌಂಟರ್‌ಫೀಟ್ ಕ್ರ್ಯಾಂಕ್’, ಅಂದರೆ ಖೋಟಾ ರೋಗಿ ಎಂಬ ಹೆಸರಿತ್ತು. ಕೆಂಟ್ ಪ್ರಾಂತ್ಯದ ಥಾಮಸ್ ಹಾರ್ಮನ್ ಎಂಬಾತನು ಇಂತಹ ವಂಚಕರನ್ನು ಕುರಿತು ಒಂದು ಪುಸ್ತಕವನ್ನೇ ಬರೆದನು. ಅದರ 1567ರ ಮುದ್ರಣ ಇಂದಿಗೂ ಉಳಿದಿದೆ. 1566ರಲ್ಲಿ ತನ್ನ ಬಾಗಿಲಿಗೇ ಬಂದ ನಿಕೊಲಸ್ ಜೆನಿಂಗ್ಸ್ ಎಂಬವನ ಕಥೆಯನ್ನು ಹಾರ್ಮನ್ ಅದರಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ಈ ಜೆನಿಂಗ್ಸ್ ಮುಖಕ್ಕೆ ರಕ್ತವನ್ನೂ ಕೆಸರನ್ನೂ ಬಳಿದುಕೊಳ್ಳುತ್ತಿದ್ದನು. ಬಾಯಲ್ಲಿ ನೊರೆ ಬರಿಸಲು ಸಾಬೂನಿನ ತುಂಡನ್ನು ಬಳಸುತ್ತಿದ್ದನು. ಹಾರ್ಮನ್ನನು ಅವನ ಹಿಂದೆ ಜನರನ್ನು ಬಿಟ್ಟು ಹಿಡಿಸಿದನು. ಅವನ ಒಂದು ದಿನದ ಗಳಿಕೆಯನ್ನು ಎಣಿಸಿದಾಗ ಹದಿಮೂರು ಷಿಲಿಂಗಿಗೂ ಮೀರಿತ್ತು. ಮುಖ ತೊಳೆದಾಗ ಆರೋಗ್ಯವಂತನಾದ, ಸುಂದರವಾದ ಮೈಬಣ್ಣದ ಮನುಷ್ಯನು ಹೊರಬಂದನು. (ಕಥೆಯನ್ನು ಓದುವಾಗ ವರ್ತಕನಾದ ನನಗೆ ಮೊದಲು ಹೊಳೆದದ್ದು ಸಾಬೂನಿನ ಖರ್ಚು ಕಳೆದು ನಿವ್ವಳ ಲಾಭವೆಷ್ಟೆಂಬ ಪ್ರಶ್ನೆಯೇ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.)

ನಾವಿಕರ ಮಾತಿನಲ್ಲಿ ಇದಕ್ಕೆ ಮತ್ತೊಂದು ಅರ್ಥ. ಅಡಿಯಲ್ಲಿ ಸಾಕಷ್ಟು ಭಾರವಿಲ್ಲದೆ ಸಣ್ಣ ಗಾಳಿಗೂ ವಾಲಿ ಮಗುಚುವ ಹಡಗು ‘ಕ್ರ್ಯಾಂಕ್’ ಆದದ್ದು. ಸಿಡುಕು ಸ್ವಭಾವದ ಮನುಷ್ಯನಿಗೆ ‘ಕ್ರ್ಯಾಂಕಿ’ ಎಂಬ ವಿಶೇಷಣವು ಅಂಟಿಕೊಂಡದ್ದು ಬಹಳ ತಡವಾಗಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಆಗ ಈ ಎಲ್ಲ ಅರ್ಥಗಳೂ ಅದರ ಬೆನ್ನಿನ ಮೇಲಿದ್ದವು: ಬಾಗಿದ ಕಬ್ಬಿಣ, ಹಾಸಿಗೆ ಹಿಡಿದ ರೋಗಿ, ವಾಲುವ ಹಡಗು. ಇವುಗಳಲ್ಲಿ ಯಾವುದು ತಾನೇ ತನ್ನ ಸ್ಥಿತಿಗೆ ಹೊಣೆ? ಕಬ್ಬಿಣವನ್ನು ಕಮ್ಮಾರನು ಬಾಗಿಸಿದನು. ರೋಗವು ತಾನಾಗಿ ಬಂದಿತು. ಹಡಗಿಗೆ ಸರಕು ತುಂಬಿದವರು ಬೇರೆಯವರು. ಹೊಣೆಯಿಲ್ಲದ ವಸ್ತುಗಳ ಸಾಲಿನಲ್ಲಿ ಸಿಡುಕುವ ಮನುಷ್ಯನನ್ನೂ ತಂದು ನಿಲ್ಲಿಸಿದ್ದೇ ಈ ಶಬ್ದದ ಮೋಹಕತೆ. ಖೋಟಾ ರೋಗಿಯ ಸಾಬೂನಿನ ನೊರೆಯು ಇದರಲ್ಲಿ ಇನ್ನೂ ಆರಿಲ್ಲ ಎಂದರೆ ಅತಿಶಯೋಕ್ತಿಯಾಗಲಾರದು.

ಆ ಭಾಷೆಯ ಇತರ ವಿಶೇಷಣಗಳದ್ದೂ ಬಹುಮಟ್ಟಿಗೆ ಇದೇ ದಾರಿ. ‘ಕ್ರಾಸ್’ ಎಂದರೆ ಅಡ್ಡಲಾಗಿ ನಿಂತದ್ದು. ‘ಬಿಲಿಯಸ್’ ಎಂದರೆ ಪಿತ್ತ ಕೆರಳಿದ್ದು. ‘ಟೆಸ್ಟಿ’ ಎಂಬುದು ತಲೆ ಎಂಬರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಬಂದು ಮೊದಲು ಹಟಮಾರಿತನವನ್ನು ಸೂಚಿಸುತ್ತಿತ್ತು. ನಾವು ದಿನಕ್ಕೆ ಹತ್ತು ಬಾರಿ ಬಳಸುವ ‘ಇರಿಟೇಷನ್’ ಎಂಬುದರ ಬಳಗಕ್ಕಂತೂ ವೈದ್ಯಶಾಸ್ತ್ರದ ಮುದ್ರೆಯೇ ಬಿದ್ದಿದೆ. ಅಲ್ಬ್ರೆಕ್ಟ್ ಫಾನ್ ಹಾಲರ್ ಎಂಬ ಸ್ವಿಸ್ ವಿದ್ವಾಂಸನು 1752ರಲ್ಲಿ, ಮುಟ್ಟಿದೊಡನೆ ಸಂಕೋಚಗೊಳ್ಳುವ ಮಾಂಸತಂತುವಿನ ಗುಣಕ್ಕೆ ‘ಇರಿಟೆಬಿಲಿಟಿ’ ಎಂಬ ಹೆಸರನ್ನು ಸ್ಥಿರಗೊಳಿಸಿದನು. ಸ್ನಾಯುವಿಗೆ ಅದು ಸರಿಯಾದ ಹೆಸರೇ ಆಗಿರಬಹುದು. ಜೀವದ್ರವ್ಯದ ವಿಭಾವವನ್ನು ಪುದ್ಗಲದ ಖಾತೆಗೆ ಬರೆಯುವ ಗೃಹಸ್ಥನಿಗೆ ಇದಕ್ಕಿಂತ ಅನುಕೂಲವಾದ ಶಬ್ದವು ಬೇರೆ ದೊರೆಯದು.

ನಮ್ಮ ಕನ್ನಡದ ಮಾತುಗಳನ್ನು ನೋಡಿ. ‘ಸಿಡುಕು’ ಎಂಬುದರಲ್ಲಿ ‘ಸಿಡಿ’ ಇದೆ. ಒಗ್ಗರಣೆಯ ಸಾಸಿವೆ ಸಿಡಿಯುತ್ತದೆ, ಒಲೆಯ ಕೆಂಡ ಸಿಡಿಯುತ್ತದೆ. ಸಿಡಿದದ್ದು ಯಾರದೋ ಕೈಯ ಮೇಲೆ ಬೀಳುತ್ತದೆ. ‘ಮುಂಗೋಪ’ ಎಂದರೆ ವಿವೇಕಕ್ಕಿಂತ ಮುಂದಾಗಿ ಬಂದ ಕೋಪ. ‘ಮೂಗಿನ ತುದಿಯಲ್ಲಿ ಕೋಪ’ ಎಂಬಲ್ಲಿ ಕೋಪವೂ ಇದೆ, ಮೂಗು ಯಾರದೆಂಬುದೂ ತಿಳಿದಿದೆ. ಹಳ್ಳಿಯ ಅನಕ್ಷರಸ್ಥ ಅಜ್ಜಿಯೂ ‘ಅವನದು ಸಿಡುಕು’ ಎಂದಾಗ ಆ ಸಿಡುಕನ್ನು ಅವನ ಹೆಸರಿಗೇ ಬರೆಯುತ್ತಾಳೆ.

ಇನ್ನು ಆಗಮಕ್ಕೆ ಬರೋಣ. ಗುಣಧರಾಚಾರ್ಯರ ‘ಕಷಾಯಪಾಹುಡ’ದಲ್ಲಿ ಕ್ರೋಧಕ್ಕೆ ಹತ್ತು ಏಕಾರ್ಥಕ ನಾಮಗಳನ್ನು ಹೇಳಿದೆ. ವೀರಸೇನ, ಜಿನಸೇನ ಆಚಾರ್ಯರು ಅದರ ಮೇಲೆ ರಚಿಸಿದ ‘ಜಯಧವಳಾ’ ಟೀಕೆಯು ಅರುವತ್ತು ಸಾವಿರ ಶ್ಲೋಕಪ್ರಮಾಣವುಳ್ಳದ್ದು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 837ರಲ್ಲಿ, ಅದು ಮುಕ್ತಾಯಗೊಂಡಿತು. ಅದರ ತಾಳೆಯೋಲೆಗಳನ್ನು ಹಳಗನ್ನಡ ಲಿಪಿಯಲ್ಲಿ ಶತಮಾನಗಳವರೆಗೆ ಕಾಪಾಡಿದ್ದು ನಮ್ಮ ಮೂಡಬಿದಿರೆಯ ಸಿದ್ಧಾಂತ ಬಸದಿ. ನಾವು ಆ ಓಲೆಗಳ ದರ್ಶನಕ್ಕೆ ಹೋಗುತ್ತೇವೆ, ಕಾಣಿಕೆ ಹಾಕುತ್ತೇವೆ, ಕೈಮುಗಿದು ಹಿಂತಿರುಗುತ್ತೇವೆ. ಒಳಗೆ ಬರೆದಿರುವುದು ನಮ್ಮ ನಿನ್ನೆಯ ಸಂಜೆಯ ಮಾತನ್ನು ಕುರಿತು ಎಂಬ ಅನುಮಾನವೂ ನಮಗೆ ಬರುವುದಿಲ್ಲ. ಆ ಹತ್ತು ಹೆಸರುಗಳಲ್ಲಿ ಕೋಪ, ರೋಷಗಳಿವೆ. ಜೊತೆಗೆ ಕಲಹವಿದೆ, ವಿವಾದವಿದೆ. ಝಂಝಾ ಎಂಬುದಿದೆ, ಅದು ಮನಸ್ಸಿನ ತೀವ್ರ ಸಂಕ್ಲೇಶ. ಎಲ್ಲಕ್ಕಿಂತ ಹೆಚ್ಚಾಗಿ ‘ಅಕ್ಷಮಾ’ ಇದೆ: ಇನ್ನೊಬ್ಬನನ್ನು ಸೈರಿಸಲಾರದಿರುವುದು. ನಾವು ಕ್ರ್ಯಾಂಕಿ ಎಂದು ಮುದ್ದಿನಿಂದ ಕರೆಯುವುದಕ್ಕೆ ಆಚಾರ್ಯರು ಇಟ್ಟ ಹೆಸರು ಇದೇ. ಹತ್ತೂ ನಾಮಪದಗಳೇ ಆಗಿವೆ ಎಂಬುದನ್ನು ವಾಚಕರು ಗಮನಿಸಬೇಕು. ನಾಮಪದವೆಂದರೆ ಖಾತೆಯ ಶಿರೋನಾಮೆ. ಅದರಡಿಯಲ್ಲಿ ಮೊತ್ತವನ್ನು ಬರೆಯಲೇಬೇಕು. ವಿಶೇಷಣವಾದರೋ ‘ಇವತ್ತು ಸ್ವಲ್ಪ’ ಎಂದು ಹಚ್ಚಿ, ನಾಳೆ ಒರಸಿಬಿಡತಕ್ಕದ್ದು.

ಲೆಕ್ಕ ಬರೆಯುವವರು ‘ಸಸ್ಪೆನ್ಸ್ ಖಾತೆ’ಯನ್ನು ಬಲ್ಲರು. ಜಮಾ ಖರ್ಚು ತಾಳೆಯಾಗದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಅದಕ್ಕೆ ಹಾಕಿಡುತ್ತೇವೆ; ಕಾರಣ ಸಿಕ್ಕ ಮೇಲೆ ಸರಿಯಾದ ಖಾತೆಗೆ ವರ್ಗಾಯಿಸುತ್ತೇವೆ. ವರ್ಷದಿಂದ ವರ್ಷಕ್ಕೆ ಆ ಖಾತೆಯನ್ನೇ ಬೆಳೆಸುತ್ತ ಹೋಗುವ ಅಂಗಡಿಯ ಗತಿ ಏನೆಂದು ಹೇಳಬೇಕಾಗಿಲ್ಲ. ಅನೇಕ ಜೈನ ಮನೆಗಳಲ್ಲಿ ಯಜಮಾನನ ಕ್ರೋಧವು ಮೂವತ್ತು ನಲವತ್ತು ವರ್ಷಗಳಿಂದ ಸಸ್ಪೆನ್ಸ್ ಖಾತೆಯಲ್ಲಿಯೇ ಇದೆ. ಮೊದಲು ಅದರ ಹೆಸರು ‘ಸ್ವಭಾವ’ ಎಂದಿತ್ತು, ಆಮೇಲೆ ‘ಬಿಪಿ’ ಎಂದಾಯಿತು, ‘ಟೆನ್ಷನ್’ ಎಂದಾಯಿತು, ಈಗ ಕ್ರ್ಯಾಂಕಿ. ಆ ಮನೆಯ ಹೆಂಗಸರನ್ನು ಯಾರಾದರೂ ಏಕಾಂತದಲ್ಲಿ ಕೇಳಿದರೆ ಮೊತ್ತವೆಷ್ಟೆಂದು ಕರಾರುವಾಕ್ಕಾಗಿ ಹೇಳಿಯಾರು.

ಇಲ್ಲಿ ಕೆಲವರ ಆಕ್ಷೇಪಗಳನ್ನು ಎದುರಿಸಲೇಬೇಕು. ಹಾಗಾದರೆ ನಿಜವಾದ ರೋಗಿಯ ಗತಿಯೇನು? ಮರೆವಿನ ರೋಗ ಹತ್ತಿದ ವೃದ್ಧರು, ಸಕ್ಕರೆಯ ಅಂಶ ಇಳಿದು ನಡುಗುವವರು, ನೋವಿನಿಂದ ನಿದ್ರೆಯಿಲ್ಲದವರು ಸಿಡುಕಿದರೆ ಅವರಿಗೂ ಕಷಾಯದ ಪಾಠ ಹೇಳಬೇಕೆ? ಬೇಡ. ಅವರಿಗೆ ಬೇಕಾದದ್ದು ವೈಯಾವೃತ್ಯ, ವೈದ್ಯ ಮತ್ತು ನಮ್ಮ ಸಹನೆ. ಅಸಾತಾವೇದನೀಯದ ಉದಯ ಬೇರೆ, ಚಾರಿತ್ರಮೋಹನೀಯದ ಉದಯ ಬೇರೆ. ಮೊದಲನೆಯದು ಎರಡನೆಯದಕ್ಕೆ ನಿಮಿತ್ತವಾಗಬಹುದು. ಆದರೆ ಗಮನಿಸಿ: ನಿಜವಾದ ರೋಗಿಯು ಆಳು, ಒಡೆಯ ಎಂದು ಭೇದವೆಣಿಸಿ ಸಿಡುಕುವುದಿಲ್ಲ. ನಮ್ಮ ಸಭೆಯ ಹಿರಿಯರು ಇಂದ್ರರನ್ನು ಏಕವಚನದಲ್ಲಿ ಗದರಿಸಿದ ಮರುಗಳಿಗೆಯಲ್ಲಿ ಬ್ಯಾಂಕಿನ ಮ್ಯಾನೇಜರರ ದೂರವಾಣಿ ಕರೆ ಬಂದಿತು. ‘ನಮಸ್ಕಾರ ಸಾರ್’ ಎಂಬ ಅವರ ಧ್ವನಿಯು ಜೇನಿನಂತಿತ್ತು. ರೋಗವು ಇಷ್ಟು ಬೇಗ ಮುಖ ನೋಡಿ ಗುಣವಾಗುವುದಾದರೆ ಅದು ಜೆನಿಂಗ್ಸನ ರೋಗವೇ ಸರಿ.

ಇದು ಕ್ರೋಧವಲ್ಲ, ‘ಅರತಿ’ ಎಂಬ ನೋಕಷಾಯ ಮಾತ್ರ ಎಂದು ಶಾಸ್ತ್ರ ಬಲ್ಲವರು ವಾದಿಸಬಹುದು. ಒಳಗೇ ಉಳಿದ ಬೇಸರಕ್ಕೆ ಆ ಹೆಸರು ಸಲ್ಲಲಿ. ಅದು ನಾಲಗೆಯ ಮೂಲಕ ಇನ್ನೊಬ್ಬನ ಮೇಲೆ ಬಿದ್ದ ಮೇಲೂ ಅರತಿಯೇ ಎನ್ನುವುದು ಹೇಗೆ? ಅರತಿಯೂ ಮೋಹನೀಯದ ಇಪ್ಪತ್ತೆಂಟು ಪ್ರಕೃತಿಗಳಲ್ಲಿ ಒಂದೆಂಬುದನ್ನಾದರೂ ಅವರು ಮರೆಯಬಾರದು. ಮತ್ತೆ ಕೆಲವರು ‘ಸಮಯಸಾರ’ವನ್ನು ಅರ್ಧ ಓದಿದವರು. ಕ್ರೋಧವು ಕ್ರೋಧದಲ್ಲಿಯೇ ಇದೆ, ಉಪಯೋಗದಲ್ಲಿಲ್ಲ. ಆದುದರಿಂದ ನಾನು ರೇಗಿದರೂ ಶುದ್ಧಾತ್ಮನೇ ಎನ್ನುತ್ತಾರೆ. ಕುಂದಕುಂದಾಚಾರ್ಯರು ಆ ಭೇದವನ್ನು ಹೇಳಿರುವುದು ಸಂವರದ ಅಧಿಕಾರದಲ್ಲಿ, ಎಂದರೆ ಆಸ್ರವವನ್ನು ತಡೆಯುವವನಿಗಾಗಿ. ಬಾಗಿಲನ್ನು ತೆರೆದಿಟ್ಟು ಬೀಗದ ಮಹಿಮೆಯನ್ನು ಹಾಡುವವರಿಗಾಗಿ ಅಲ್ಲ.

ಉಪವಾಸದ ದಿನಗಳ ಮಾತು ಬೇರೆಯೇ ಇದೆ. ಹಸಿವನ್ನೂ ಕೋಪವನ್ನೂ ಕೂಡಿಸಿ ಆಂಗ್ಲರು ‘ಹ್ಯಾಂಗ್ರಿ’ ಎಂಬ ಮಿಶ್ರಶಬ್ದವನ್ನು ಮಾಡಿದ್ದಾರೆ. 2018ರಲ್ಲಿ ಅದು ಆಕ್ಸ್‌ಫರ್ಡ್ ನಿಘಂಟನ್ನೂ ಪ್ರವೇಶಿಸಿತು. ಹೊತ್ತಿಗೆ ಸರಿಯಾಗಿ ಊಟ ಸಿಗದವನಿಗೆ ಅದು ಸಲ್ಲಬಹುದು. ದಶಲಕ್ಷಣ ಪರ್ವದಲ್ಲಿ ಸ್ವ ಇಚ್ಛೆಯಿಂದ ಪ್ರತ್ಯಾಖ್ಯಾನ ತೆಗೆದುಕೊಂಡವನಿಗೆ ಅದು ಸಲ್ಲುವುದಾದರೆ ನಾವು ಮಾಡುತ್ತಿರುವುದೇನು? ಪರ್ವದ ಮೊದಲ ದಿನವೇ ಉತ್ತಮ ಕ್ಷಮೆ. ಅಂದು ಉಪವಾಸವಿದ್ದ ಯಜಮಾನನ ಎದುರು ಮಕ್ಕಳು ಸದ್ದು ಮಾಡದೆ ತಿರುಗಾಡುವ, ಸೊಸೆ ಪಾತ್ರೆಯ ಸದ್ದಿಗೂ ಅಂಜುವ ಮನೆಗಳನ್ನು ನಾನು ಕಂಡಿದ್ದೇನೆ. ಅವರ ಉಪವಾಸದ ಪುಣ್ಯದಲ್ಲಿ ಈ ಮೂಕಮಂದಿಗೂ ಪಾಲು ಕೊಡಬೇಕಾದೀತು.

ನನ್ನ ಆ ಮಾತಿನ ವಿಚಾರಕ್ಕೆ ಮರಳುತ್ತೇನೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜೀವಾಧಿಕರಣದ 108 ಭೇದಗಳು ಉಕ್ತವಾಗಿವೆ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನ ವಚನ ಕಾಯಗಳೆಂಬ ಮೂರರಿಂದಲೂ, ಕೃತ ಕಾರಿತ ಅನುಮೋದನೆಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಜಪಮಾಲೆಯ ಮಣಿಗಳಿಗೆ ಇದನ್ನೇ ಕಾರಣವಾಗಿ ಹೇಳುತ್ತಾರೆ. ಈ 108ರಲ್ಲಿ ಕ್ರೋಧದ ಪಾಲು 27. ಆ ಇಪ್ಪತ್ತೇಳರಲ್ಲಿ 9 ಕೇವಲ ಅನುಮೋದನೆಯವು. ರೇಗಿದವನು ನಾನಲ್ಲ, ರೇಗಿಸಿದವನೂ ನಾನಲ್ಲ. ರೇಗಿದ್ದಕ್ಕೆ ಒಂದು ಹಗುರವಾದ ಹೆಸರಿಟ್ಟು, ಅನ್ಯಾಯಕ್ಕೆ ಒಳಗಾದವನನ್ನೇ ಸುಮ್ಮನಿರಿಸಿದೆ. ಅದು ಅನುಮೋದನೆಯಲ್ಲದೆ ಇನ್ನೇನು? ಐವತ್ತು ವರ್ಷಗಳಿಂದ ಆ ಒಂಬತ್ತು ಮಣಿಗಳ ಮೇಲೆ ನನ್ನ ಬೆರಳು ನಮೋಕಾರದೊಡನೆ ಜಾರಿಹೋಗುತ್ತಲೇ ಇದೆ. ಆಡಳಿತ ಮಂಡಳಿಗಳ ಸದಸ್ಯರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಸಭೆಯಲ್ಲಿ ಒಬ್ಬನು ಅರ್ಚಕನನ್ನೋ ಗುಮಾಸ್ತನನ್ನೋ ಗುಡಿಸುವವಳನ್ನೋ ಹೀನೈಸಿದಾಗ ಮಿಕ್ಕ ಹನ್ನೊಂದು ಜನ ನಕ್ಕು ವಿಶೇಷಣ ಹುಡುಕಿದರೆ ಅಂದಿನ ಆಸ್ರವವು ಹನ್ನೆರಡು ಮಂದಿಗೆ.

ಅವಧಿಯ ಪ್ರಶ್ನೆಯೂ ಇದೆ. ಚಾವುಂಡರಾಯನಿಗಾಗಿ ನೇಮಿಚಂದ್ರಾಚಾರ್ಯರು ರಚಿಸಿದ, 1359ರಲ್ಲಿ ಕೇಶವವರ್ಣಿಯು ಕನ್ನಡ ವೃತ್ತಿಯನ್ನು ಬರೆದ ‘ಗೋಮ್ಮಟಸಾರ’ದ ಜೀವಕಾಂಡವು ಕ್ರೋಧದ ಶಕ್ತಿಯನ್ನು ಕಲ್ಲು, ನೆಲ, ಧೂಳು, ನೀರುಗಳ ಮೇಲಿನ ಗೆರೆಗೆ ಹೋಲಿಸುತ್ತದೆ. ಇದನ್ನು ಎಲ್ಲರೂ ಕೇಳಿದ್ದಾರೆ. ಕರ್ಮಕಾಂಡವು ಹೇಳುವ ವಾಸನಾಕಾಲವನ್ನು ಕೇಳಿದವರು ಕಡಿಮೆ. ಸಂಜ್ವಲನದ ಸಂಸ್ಕಾರ ಉಳಿಯುವುದು ಅಂತರ್ಮುಹೂರ್ತ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿದ್ದು ಅನಂತಾನುಬಂಧಿ, ಭವಭವಗಳಿಗೆ ಬೆಳೆಯತಕ್ಕದ್ದು, ಸಮ್ಯಕ್ತ್ವವನ್ನೇ ಘಾತಿಸತಕ್ಕದ್ದು. ಶ್ವೇತಾಂಬರ ಕರ್ಮಗ್ರಂಥಗಳಲ್ಲಿ ಈ ಮೂರನೆಯದಕ್ಕೆ ಒಂದು ವರ್ಷದ ಅವಕಾಶವಿದೆ. ಅವರ ಸಾಂವತ್ಸರಿಕ ಪ್ರತಿಕ್ರಮಣಕ್ಕೆ ಅದು ಹೊಂದುತ್ತದೆ. ನಮ್ಮ ಶಾಸ್ತ್ರದ ಗಡುವು ಆರು ತಿಂಗಳು. ನಾವಾದರೋ ವರ್ಷಕ್ಕೊಮ್ಮೆ ಕ್ಷಮಾವಾಣಿಯ ದಿನ ಮುದ್ರಿತ ಪತ್ರವನ್ನು ನೂರಾರು ಜನರಿಗೆ ಹಂಚಿ ಋಣ ತೀರಿತೆನ್ನುತ್ತೇವೆ. ಆ ಪತ್ರಗಳು ನಮ್ಮ ಬೀಗರಿಗೆ, ಗಿರಾಕಿಗಳಿಗೆ, ಗಣ್ಯರಿಗೆ ಹೋಗುತ್ತವೆ. ಇಂದ್ರರ ಮನೆಗೆ ಹೋದದ್ದನ್ನು ನಾನು ಕಂಡಿಲ್ಲ.

ಈ ಲೆಕ್ಕವನ್ನು ಹಾಕಿದ ಮೇಲೆ ನಾನು ಇಂದ್ರರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಚಾಪೆ ಹಾಸಿ, ನೀರು ಬೆಲ್ಲ ತಂದಿಟ್ಟರು. ಬಂದ ಕಾರಣವನ್ನು ತೊದಲುತ್ತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಶೆಟ್ರೇ, ಅವರು ಬೈದದ್ದು ನನಗೆ ಅವತ್ತೇ ಮರೆತುಹೋಯಿತು. ಹಾಲಿನ ಲೆಕ್ಕ ಸರಿಯಾಯಿತಲ್ಲ, ಅಷ್ಟು ಸಾಕಿತ್ತು. ನೀವು ಹೇಳಿದ ಆ ಇಂಗ್ಲಿಷ್ ಮಾತು ನನಗೆ ತಿಳಿಯಲೇ ಇಲ್ಲ. ಮನೆಗೆ ಬಂದು ಮಗನ ಹತ್ತಿರ ಕೇಳಿದೆ. ಅವನು, ಅಪ್ಪಾ, ಅದು ಸಣ್ಣ ಮಕ್ಕಳಿಗೆ ಹೇಳುವ ಮಾತು ಅಂದ’ ಎಂದರು.

ಮಗನು ಮನೆಯಲ್ಲಿರಲಿಲ್ಲ. ಮಂಗಳೂರಿನ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ತಿಂಗಳಿಗೊಂದು ಭಾನುವಾರ ಊರಿಗೆ ಬರುತ್ತಾನೆ ಎಂದರು. ಆರು ತಿಂಗಳು ತುಂಬಲು ಇನ್ನು ಹತ್ತೊಂಬತ್ತು ದಿನಗಳಿವೆ. ಅಷ್ಟರೊಳಗೆ ಬರುವ ಭಾನುವಾರಗಳು ಎರಡು. ಅವನು ಊರಿಗೆ ಬಾರದಿದ್ದರೆ ನಾನೇ ಮಂಗಳೂರಿನ ಬಸ್ಸು ಹಿಡಿಯುತ್ತೇನೆ ಎಂದು ಹೇಳಿ ಬಂದಿದ್ದೇನೆ.